ಕ್ಯಾಮಲ್‌ಬ್ಯಾಕ್‌ಗೆ ಬಾಗಿಲು: ಬಿಸಿಲಿನ ದಿನ ಬೆಟ್ಟ ಮುಚ್ಚುವ ಊರಿನ ಪ್ರಕರಣ

ಅಮೆರಿಕದ ಅರಿಜೋನಾ ರಾಜ್ಯದಲ್ಲಿರುವ ಫೀನಿಕ್ಸ್ ನಗರದಲ್ಲಿ ಬೇಸಿಗೆಯ ಕೆಲವು ದಿನ ಒಂದು ಬೆಟ್ಟಕ್ಕೆ ಬಾಗಿಲು ಹಾಕುತ್ತಾರೆ. ಬೆಳಗಿನ ಹೊತ್ತಲ್ಲೇ ಗೇಟು ಬೀಳುತ್ತದೆ, ಸಂಜೆ ಐದಕ್ಕೆ ಮತ್ತೆ ತೆರೆಯುತ್ತದೆ. ಹತ್ತಲು ಬಂದವರನ್ನು ಪಾರ್ಕ್ ರೇಂಜರ್‌ಗಳು ಬುಡದಲ್ಲೇ ತಡೆದು ವಾಪಸ್ ಕಳಿಸುತ್ತಾರೆ. ಕಾಡುಪ್ರಾಣಿಯ ಕಾಟವಿಲ್ಲ, ಬೆಂಕಿ ಬಿದ್ದಿಲ್ಲ, ಗುಡ್ಡ ಕುಸಿದಿಲ್ಲ. ಬಿಸಿಲು ಜಾಸ್ತಿ, ಅಷ್ಟೇ ಕಾರಣ.

ಬೆಟ್ಟದ ಹೆಸರು ಕ್ಯಾಮಲ್‌ಬ್ಯಾಕ್. ದೂರದಿಂದ ನೋಡಿದರೆ ಮಂಡಿಯೂರಿ ಕೂತ ಒಂಟೆಯ ಹಾಗೆ ಕಾಣುತ್ತದೆ. ಒಂದು ತುದಿಯಲ್ಲಿ ತಲೆ, ನಡುವೆ ತಗ್ಗು, ಆಮೇಲೆ ದೊಡ್ಡ ಡುಬ್ಬ. ತಲೆಯ ಭಾಗ ಪದರ ಪದರವಾದ ಕೆಂಪು ಕಲ್ಲು, ಭೂಮಿಯ ಲೆಕ್ಕದಲ್ಲಿ ತೀರಾ ಈಚಿನದು. ಡುಬ್ಬದ್ದು ನೂರು ಕೋಟಿ ವರ್ಷಕ್ಕೂ ಹಳೆಯ ಗ್ರಾನೈಟ್. ಶಿಖರ ಸಮುದ್ರಮಟ್ಟದಿಂದ ಸುಮಾರು 824 ಮೀಟರ್. ಹಿಮಾಲಯ ನೋಡಿದವರಿಗೆ ಇದು ದಿಬ್ಬ. ಆದರೆ ಸುಮಾರು 50 ಲಕ್ಷ ಜನರ ಮಹಾನಗರದ ನಟ್ಟನಡುವೆ, ಡೌನ್‌ಟೌನ್‌ನಿಂದ ಕಾರಲ್ಲಿ ಸ್ವಲ್ಪ ಹೊತ್ತಿನ ದೂರದಲ್ಲಿ ನಿಂತಿದೆ. ಟಿಕೆಟ್ ಇಲ್ಲ, ಪರ್ಮಿಟ್ ಇಲ್ಲ. ಸೂರ್ಯ ಹುಟ್ಟಿದಾಗಿನಿಂದ ಮುಳುಗುವವರೆಗೆ ಯಾರು ಬೇಕಾದರೂ ಹತ್ತಬಹುದು. ವರ್ಷಕ್ಕೆ ನಾಲ್ಕೂವರೆ ಲಕ್ಷದಷ್ಟು ಸಲ ಜನ ಇದನ್ನು ಹತ್ತುತ್ತಾರೆ ಅನ್ನುವುದು ನಗರದ ಅಂದಾಜು.

ಅಂಥ ಬೆಟ್ಟವನ್ನು ಮುಚ್ಚುವುದು ಸುಲಭದ ಮಾತಲ್ಲ. ಅದು ಹೇಗಾಯಿತು, ಯಾಕಾಯಿತು, ಆಗಿದ್ದು ಸರಿಯಾಗಿದೆಯಾ ಅನ್ನುವುದೇ ಈ ಬರಹದ ವಿಷಯ.

ಎರಡು ಕಿಲೋಮೀಟರ್ ದಾರಿ

ಮೇಲೆ ಹೋಗಲು ಮುಖ್ಯವಾಗಿ ಎರಡು ದಾರಿ. ಪಶ್ಚಿಮದ ಕಡೆಯಿಂದ ಎಕೋ ಕ್ಯಾನ್ಯನ್, ಪೂರ್ವದ ಕಡೆಯಿಂದ ಚೋಯಾ. ಎಕೋ ಕ್ಯಾನ್ಯನ್ ದಾರಿ ಒಂದು ಕಡೆಗೆ ಸುಮಾರು ಎರಡು ಕಿಲೋಮೀಟರ್. ಅಷ್ಟರಲ್ಲೇ ಸುಮಾರು 390 ಮೀಟರ್ ಎತ್ತರ ಏರಬೇಕು. ಮೊದಲು ಮೆಟ್ಟಿಲು, ಆಮೇಲೆ ಬಂಡೆಯ ಮೈಗೆ ಕಂಬಿ ನೆಟ್ಟ ಕಡಿದಾದ ಜಾಗ, ಅದಾದ ಮೇಲೆ ದಾರಿ ಅನ್ನುವುದೇ ಇಲ್ಲ. ಗುಂಡುಕಲ್ಲುಗಳ ಮೇಲೆ ಕೈ ಊರಿ ಹತ್ತುತ್ತಾ ಹೋಗಬೇಕು. ನಗರದವರೇ ಇದಕ್ಕೆ ಅತಿ ಕಷ್ಟದ ದಾರಿ ಅಂತ ದರ್ಜೆ ಕೊಟ್ಟಿದ್ದಾರೆ.

ತೊಂದರೆ ಶುರುವಾಗುವುದೇ 'ಎರಡು ಕಿಲೋಮೀಟರ್' ಅನ್ನುವ ಮಾತಿನಿಂದ. ಹೋಟೆಲಿನಲ್ಲಿ ಕೂತು ಮ್ಯಾಪ್ ನೋಡಿದವರಿಗೆ ಎರಡು ಕಿಲೋಮೀಟರ್ ಅಂದರೆ ತಿಂಡಿ ತಿಂದು ಬಂದು ಮಾಡುವ ವಾಕಿಂಗ್. ಕ್ಯಾಮಲ್‌ಬ್ಯಾಕ್‌ನ ಬುಡದಲ್ಲೇ ದೊಡ್ಡ ದೊಡ್ಡ ರೆಸಾರ್ಟ್‌ಗಳಿವೆ. ಕಿಟಕಿ ತೆರೆದರೆ ಬೆಟ್ಟ. ತಂಪು ಊರಿನಿಂದ ಹಿಂದಿನ ರಾತ್ರಿ ವಿಮಾನ ಇಳಿದವರು ಬೆಳಿಗ್ಗೆ ಅರ್ಧ ಲೀಟರ್ ನೀರಿನ ಬಾಟಲಿ ಹಿಡಿದು ಹೊರಟುಬಿಡುತ್ತಾರೆ. ಬಿಸಿಗೆ ಮೈ ಒಗ್ಗಲು ಒಂದರಿಂದ ಎರಡು ವಾರ ಬೇಕು. ಅವರ ಹತ್ತಿರ ಇರುವುದು ಒಂದು ವಾರಾಂತ್ಯ.

ದಾರಿಯ ದಿಕ್ಕೂ ಮೋಸ ಮಾಡುತ್ತದೆ. ಎಕೋ ಕ್ಯಾನ್ಯನ್ ಪಶ್ಚಿಮದ ಮಗ್ಗುಲಲ್ಲಿದೆ. ಹಾಗಾಗಿ ಬೆಳಿಗ್ಗೆ ಬೆಟ್ಟದ ನೆರಳು ದಾರಿಯ ಮೇಲೆ ಬಿದ್ದಿರುತ್ತದೆ. ಎಂಟು ಗಂಟೆಗೆ ಹೊರಟವರಿಗೆ 'ಪರವಾಗಿಲ್ಲ, ಅಂಥಾ ಬಿಸಿಲೇನಿಲ್ಲ' ಅನ್ನಿಸುತ್ತದೆ. ತುದಿ ಮುಟ್ಟಿ, ಫೋಟೋ ತೆಗೆದು, ಸುಧಾರಿಸಿಕೊಂಡು ಇಳಿಯಲು ತಿರುಗುವಷ್ಟರಲ್ಲಿ ನೆರಳು ಸರಿದಿರುತ್ತದೆ. ಹತ್ತಿದ ದಾರಿಗೂ ಇಳಿಯುವ ದಾರಿಗೂ ಸಂಬಂಧವೇ ಇಲ್ಲದ ಹಾಗೆ ಆಗುತ್ತದೆ. ಬಾಟಲಿ ಆಗಲೇ ಖಾಲಿ.

ಮೈಯೊಳಗಿನ ಲೆಕ್ಕ

ಇಲ್ಲಿ ಒಂದು ಸಣ್ಣ ಲೆಕ್ಕ ಹಾಕೋಣ. ನನ್ನ ಪ್ರಕಾರ ಇಡೀ ಪ್ರಕರಣ ಅರ್ಥವಾಗುವುದು ಇದರಿಂದಲೇ.

70 ಕಿಲೋ ತೂಕದವರು 390 ಮೀಟರ್ ಎತ್ತರ ಏರಿದರೆ, ದೇಹವನ್ನು ಮೇಲೆತ್ತುವ ಕೆಲಸಕ್ಕೆ ಸುಮಾರು 270 ಕಿಲೋಜೂಲ್ ಶಕ್ತಿ ಬೇಕು. ಆದರೆ ಸ್ನಾಯುಗಳು ಅಷ್ಟು ಜಾಣ ಯಂತ್ರಗಳಲ್ಲ. ಸುಟ್ಟ ಶಕ್ತಿಯಲ್ಲಿ ಹೆಚ್ಚೆಂದರೆ ಕಾಲು ಭಾಗ ಕೆಲಸಕ್ಕೆ ಬರುತ್ತದೆ, ಮುಕ್ಕಾಲು ಭಾಗ ಶಾಖವಾಗಿ ಮೈಯಲ್ಲೇ ಉಳಿಯುತ್ತದೆ. ಅಂದರೆ ಶಿಖರ ಮುಟ್ಟುವ ಹೊತ್ತಿಗೆ ಮೈಯೊಳಗೆ ಸುಮಾರು 800 ಕಿಲೋಜೂಲ್ ಶಾಖ ಹುಟ್ಟಿರುತ್ತದೆ. 70 ಕಿಲೋ ದೇಹದ ಉಷ್ಣತೆ ಒಂದು ಡಿಗ್ರಿ ಸೆಲ್ಸಿಯಸ್ ಏರಲು ಸುಮಾರು 245 ಕಿಲೋಜೂಲ್ ಸಾಕು. ಹುಟ್ಟಿದ ಶಾಖ ಒಂದಿಷ್ಟೂ ಹೊರಗೆ ಹೋಗದಿದ್ದರೆ 37 ಇದ್ದದ್ದು 40 ದಾಟುತ್ತದೆ. ವೈದ್ಯರು ಹೀಟ್ ಸ್ಟ್ರೋಕ್ ಅನ್ನುವುದು ಅಲ್ಲಿಂದಲೇ.

ಮಾಮೂಲಿ ದಿನಗಳಲ್ಲಿ ಈ ಶಾಖ ಹೊರಗೆ ಹೋಗುತ್ತದೆ. ಗಾಳಿ ಚರ್ಮಕ್ಕಿಂತ ತಂಪಾಗಿದ್ದರೆ ಗಾಳಿಯೇ ಒಂದಿಷ್ಟು ಒಯ್ಯುತ್ತದೆ. ಉಳಿದದ್ದನ್ನು ಬೆವರು ನೋಡಿಕೊಳ್ಳುತ್ತದೆ. ಒಂದು ಲೀಟರ್ ಬೆವರು ಪೂರ್ತಿ ಆರಿದರೆ ಸುಮಾರು 2,400 ಕಿಲೋಜೂಲ್ ಶಾಖ ಹೋಗುತ್ತದೆ. ಹಾಗಾದರೆ ಬೆಟ್ಟ ಹತ್ತಿದ ಶಾಖಕ್ಕೆ ಲೀಟರಿನ ಮೂರನೇ ಒಂದು ಭಾಗ ಬೆವರು ಸಾಕಲ್ವಾ? ಸಾಕು, ಹೊರಗಿನಿಂದ ಏನೂ ಸೇರದಿದ್ದರೆ. ಚರ್ಮದ ಉಷ್ಣತೆ 35 ಡಿಗ್ರಿ ಆಸುಪಾಸು. ಗಾಳಿ 43 ಡಿಗ್ರಿ ಇದ್ದಾಗ ಅದು ಶಾಖ ಒಯ್ಯುವ ಬದಲು ತಂದು ಹಾಕುತ್ತದೆ. ನೆತ್ತಿಯ ಮೇಲಿನ ಸೂರ್ಯ ಒಂದಿಷ್ಟು ಸೇರಿಸುತ್ತಾನೆ. ಬೆಳಗಿನಿಂದ ಕಾದ ಗ್ರಾನೈಟ್ ಕೆಳಗಿನಿಂದ, ಪಕ್ಕದಿಂದ ಇನ್ನೊಂದಿಷ್ಟು. ಕೈ ಊರಿದ ಕಲ್ಲೂ ಬಿಸಿ.

ಆಗ ಎಲ್ಲ ಭಾರವೂ ಬೆವರಿನ ಮೇಲೆ ಬೀಳುತ್ತದೆ. ಗಂಟೆಗೆ ಒಂದು ಲೀಟರ್, ಕೆಲವರಿಗೆ ಅದಕ್ಕೂ ಜಾಸ್ತಿ ಹರಿಯುತ್ತದೆ. ಫೀನಿಕ್ಸ್‌ನ ಗಾಳಿ ಒಣ, ಹಾಗಾಗಿ ಬೆವರು ಹುಟ್ಟಿದ ಕ್ಷಣವೇ ಆರುತ್ತದೆ. ಅಂಗಿ ಒದ್ದೆಯಾಗುವುದಿಲ್ಲ, ಹಣೆಯಿಂದ ಹನಿ ಇಳಿಯುವುದಿಲ್ಲ. 'ನಾನೇನೂ ಬೆವರುತ್ತಿಲ್ಲ' ಅಂದುಕೊಂಡೇ ಜನ ಬತ್ತಿಹೋಗುತ್ತಾರೆ. ಮೊದಲು ತಲೆನೋವು, ಕಾಲು ನಡುಕ, ಹೊಟ್ಟೆ ತೊಳಸು. ಆಮೇಲೆ ತಲೆ ಓಡುವುದೇ ನಿಲ್ಲುತ್ತದೆ. 'ವಾಪಸ್ ಹೋಗೋಣ' ಅಂತ ತೀರ್ಮಾನಿಸಬೇಕಾದ ತಲೆಯೇ ಮೊದಲು ಕೈಕೊಡುವುದರಿಂದ 'ಅವರವರ ವಿವೇಚನೆಗೆ ಬಿಟ್ಟದ್ದು' ಅನ್ನುವ ವಾದ ಬೆಟ್ಟದ ಬುಡದಲ್ಲಿ ನಿಲ್ಲುವಷ್ಟು ಗಟ್ಟಿಯಾಗಿ ಅರ್ಧ ದಾರಿಯಲ್ಲಿ ನಿಲ್ಲುವುದಿಲ್ಲ.

ಮೊದಲು ನಾಯಿಗಳಿಗೆ

ಫೀನಿಕ್ಸ್‌ನಲ್ಲಿ ವರ್ಷಕ್ಕೆ ನೂರಕ್ಕೂ ಹೆಚ್ಚು ದಿನ ಉಷ್ಣತೆ 100 ಫ್ಯಾರನ್‌ಹೀಟ್, ಅಂದರೆ ಸುಮಾರು 38 ಸೆಲ್ಸಿಯಸ್ ದಾಟುತ್ತದೆ. 1990ರ ಜೂನ್ 26ರಂದು 122 ಫ್ಯಾರನ್‌ಹೀಟ್ ಮುಟ್ಟಿತ್ತು, ಅದು 50 ಸೆಲ್ಸಿಯಸ್. ಅಲ್ಲಿನ ದಾಖಲೆ ಇವತ್ತಿಗೂ ಅದೇ. ಅಂದಮೇಲೆ ಬಿಸಿಲು ಆ ಊರಿಗೆ ಹೊಸದಲ್ಲ. ನಗರದವರು ವರ್ಷಗಟ್ಟಲೆ ಮಾಡಿದ್ದು ಪ್ರಚಾರ. ನೀರು ಒಯ್ಯಿರಿ, ಟೋಪಿ ಹಾಕಿ, ಬೇಗ ಹೊರಡಿ, ಯಾರಿಗಾದರೂ ಹೇಳಿ ಹೋಗಿ, ಅರ್ಧ ನೀರು ಮುಗಿದರೆ ತಿರುಗಿ ಬನ್ನಿ. ಬೋರ್ಡಿನಲ್ಲಿ ಬರೆದರು, ವಿಡಿಯೋ ಮಾಡಿದರು. ದಾರಿಯುದ್ದಕ್ಕೂ ನಂಬರ್ ಹಾಕಿದ ಗುರುತುಗಳನ್ನು ನೆಟ್ಟರು. ಕುಸಿದವರು ಫೋನ್ ಮಾಡಿ 'ಇಂಥ ನಂಬರಿನ ಹತ್ತಿರ ಇದ್ದೇನೆ' ಅಂದರೆ ಹುಡುಕುವ ಕೆಲಸ ತಪ್ಪುತ್ತದೆ.

2016ರಲ್ಲಿ ಒಂದು ಗಟ್ಟಿ ನಿಯಮ ಬಂತು. 100 ಫ್ಯಾರನ್‌ಹೀಟ್ ಮುಟ್ಟಿದರೆ ನಗರದ ಬೆಟ್ಟದ ದಾರಿಗಳಲ್ಲಿ ನಾಯಿ ಕರೆದೊಯ್ಯುವ ಹಾಗಿಲ್ಲ. ತಪ್ಪಿದರೆ ದಂಡ. ಮನುಷ್ಯರಿಗೂ ತಡೆ ಬೇಕು ಅನ್ನುವ ಮಾತು ಆಗಲೂ ಎದ್ದಿತ್ತು, ಅದು ಕೈಗೂಡಲಿಲ್ಲ. ಹೀಗಾಗಿ ಐದು ವರ್ಷ ಒಂದು ತಮಾಷೆಯ ಸ್ಥಿತಿ ಇತ್ತು. ನಾಯಿ ಬೆಟ್ಟಕ್ಕೆ ಬಂದರೆ ಅಪರಾಧ, ಅದರ ಯಜಮಾನ ಅದೇ ಬಿಸಿಲಲ್ಲಿ ಒಬ್ಬನೇ ಹತ್ತಿದರೆ ಹವ್ಯಾಸ.

ಇದರಲ್ಲಿ ನಗುವುದಕ್ಕಿಂತ ಜಾಸ್ತಿ ವಿಷಯ ಇದೆ. ನಾಯಿಗೆ ಆಯ್ಕೆ ಇರುವುದಿಲ್ಲ, ಯಜಮಾನ ಎಳೆದ ಕಡೆ ಹೋಗುತ್ತದೆ, ಆದ್ದರಿಂದ ಅದಕ್ಕೆ ರಕ್ಷಣೆ ಬೇಕು ಅನ್ನುವುದನ್ನು ಎಲ್ಲರೂ ಒಪ್ಪಿದರು. ಅದೇ ಬಿಸಿಲಲ್ಲಿ ಆಯ್ಕೆಯಿಲ್ಲದೆ ಬೆಟ್ಟ ಹತ್ತುವ ಇನ್ನೊಂದು ಗುಂಪು ಇತ್ತು. ಅವರ ಬಗ್ಗೆ ಊರು ಗಟ್ಟಿಯಾಗಿ ಮಾತಾಡಿದ್ದು 2021ರಲ್ಲಿ.

2021ರ ಜೂನ್

ಆ ಜೂನ್‌ನಲ್ಲಿ ಫೀನಿಕ್ಸ್ 118 ಫ್ಯಾರನ್‌ಹೀಟ್ ಕಂಡಿತು. ಸೆಲ್ಸಿಯಸ್‌ನಲ್ಲಿ 48ರ ಹತ್ತಿರ. ಬೆಟ್ಟದಲ್ಲಿ ಕುಸಿದವರ ಕರೆಗಳು ಒಂದರ ಹಿಂದೆ ಒಂದು. ಪ್ರತಿ ಕರೆಗೂ ಮೇಲೆ ಹೋಗಬೇಕಾದವರು ಅಗ್ನಿಶಾಮಕ ದಳದವರು.

ಬೆಟ್ಟದಿಂದ ಒಬ್ಬರನ್ನು ಇಳಿಸುವುದು ಹೇಗೆ ಅಂತ ಸ್ವಲ್ಪ ಹತ್ತಿರದಿಂದ ನೋಡಬೇಕು. ಸಿಬ್ಬಂದಿ ಔಷಧಿ ಪೆಟ್ಟಿಗೆ, ಹಗ್ಗ, ನೀರು ಎಲ್ಲವನ್ನೂ ಹೊತ್ತು ಅದೇ ದಾರಿಯಲ್ಲಿ ಹತ್ತುತ್ತಾರೆ. ಹತ್ತುವ ವೇಗ ಅವರ ಕೈಯಲ್ಲಿಲ್ಲ, ಮೇಲೆ ಬಿದ್ದವರ ಸ್ಥಿತಿ ನಿರ್ಧರಿಸುತ್ತದೆ. ಹವ್ಯಾಸಕ್ಕೆ ಬಂದವರು ಸುಸ್ತಾದರೆ ಕೂರಬಹುದು, ಇವರು ಕೂರುವಂತಿಲ್ಲ. ಮೇಲಕ್ಕೆ ಮುಟ್ಟಿದ ಮೇಲೆ ರೋಗಿಯನ್ನು ಸ್ಟ್ರೆಚರ್‌ಗೆ ಕಟ್ಟುತ್ತಾರೆ. ಆ ಸ್ಟ್ರೆಚರ್‌ನ ಹೊಟ್ಟೆಯ ಕೆಳಗೆ ಒಂದೇ ಒಂದು ದೊಡ್ಡ ಚಕ್ರ ಇರುತ್ತದೆ. ಅದಕ್ಕೆ ಬಿಗ್ ವೀಲ್ ಅನ್ನುತ್ತಾರೆ. ಸಮ ದಾರಿ ಇದ್ದಲ್ಲಿ ಚಕ್ರ ಉರುಳುತ್ತದೆ. ಗುಂಡುಕಲ್ಲು ಬಂದಲ್ಲಿ ಎರಡೂ ಬದಿಯವರು ಎತ್ತಿ ಮುಂದಿನವರ ಕೈಗೆ ದಾಟಿಸಬೇಕು. ಹಿಂದಿನಿಂದ ಹಗ್ಗ ಹಿಡಿದು ಜಾರದಂತೆ ತಡೆಯುವವರು ಬೇರೆ. ಒಬ್ಬರನ್ನು ಇಳಿಸಲು ಹತ್ತಾರು ಕೈ ಬೇಕು, ಆ ಕೈಗಳೆಲ್ಲ ಅದೇ 45 ಡಿಗ್ರಿಯಲ್ಲಿ ಬೇಯುತ್ತಿರುತ್ತವೆ.

ಹೆಲಿಕಾಪ್ಟರ್ ಇಲ್ಲವೇ? ಇದೆ, ಬಹಳ ಸಲ ಅದೇ ಕಾಪಾಡುತ್ತದೆ. ಆದರೆ ಗಾಳಿ ಕಾದಷ್ಟೂ ತೆಳುವಾಗುತ್ತದೆ, ರೆಕ್ಕೆಗೆ ಸಿಗುವ ಆಸರೆ ಕಡಿಮೆಯಾಗುತ್ತದೆ, ಎತ್ತಬಹುದಾದ ತೂಕ ಇಳಿಯುತ್ತದೆ. 1990ರ ಆ ದಾಖಲೆಯ ದಿನ ಫೀನಿಕ್ಸ್ ವಿಮಾನ ನಿಲ್ದಾಣದಲ್ಲಿ ಪ್ರಯಾಣಿಕ ವಿಮಾನಗಳನ್ನೇ ನೆಲದಲ್ಲಿ ನಿಲ್ಲಿಸಿದ್ದರು. ಅಷ್ಟು ಬಿಸಿಗೆ ವಿಮಾನ ಹೇಗೆ ನಡೆದುಕೊಳ್ಳುತ್ತದೆ ಅನ್ನುವ ಪಟ್ಟಿಯೇ ಪೈಲಟ್‌ಗಳ ಬಳಿ ಇರಲಿಲ್ಲ. ಬಂಡೆಯ ಪಕ್ಕದಲ್ಲಿ, ಜನ ಓಡಾಡುವ ದಾರಿಯ ಮೇಲೆ ಹೆಲಿಕಾಪ್ಟರ್ ನಿಲ್ಲಿಸುವುದು ತಂಪು ದಿನವೂ ಸಲೀಸಲ್ಲ.

ಜೂನ್ ಮುಗಿಯುವ ಹೊತ್ತಿಗೆ ಹನ್ನೆರಡರ ಆಸುಪಾಸು ಅಗ್ನಿಶಾಮಕ ಸಿಬ್ಬಂದಿ ಬೆಟ್ಟದ ರಕ್ಷಣಾ ಕೆಲಸದಲ್ಲಿ ತಾವೇ ಬಿಸಿಲಿಗೆ ಸಿಕ್ಕಿ ಚಿಕಿತ್ಸೆ ಪಡೆಯಬೇಕಾಯಿತು. ಕೆಲವರು ಆಸ್ಪತ್ರೆ ಸೇರಿದರು. ಆಗ ಅವರ ಯೂನಿಯನ್ ನೇರವಾಗಿ ಕೇಳಿತು: ಎಕ್ಸೆಸಿವ್ ಹೀಟ್ ವಾರ್ನಿಂಗ್, ಅಂದರೆ ವಿಪರೀತ ಬಿಸಿಲಿನ ಅಧಿಕೃತ ಎಚ್ಚರಿಕೆ ಇರುವ ದಿನ ಬೆಳಿಗ್ಗೆ ಒಂಬತ್ತರಿಂದ ಸಂಜೆ ಐದರವರೆಗೆ ಕ್ಯಾಮಲ್‌ಬ್ಯಾಕ್ ಮತ್ತು ಪಿಯೆಸ್ಟೆವಾ ಪೀಕ್ ಮುಚ್ಚಿ. ಪಿಯೆಸ್ಟೆವಾ ಪೀಕ್ ಅದೇ ನಗರದ ಇನ್ನೊಂದು ಜನಪ್ರಿಯ ಬೆಟ್ಟ, ಸುಮಾರು 796 ಮೀಟರ್. 2003ರಲ್ಲಿ ಇರಾಕ್‌ನಲ್ಲಿ ಮಡಿದ, ಅಮೆರಿಕದ ಮೂಲನಿವಾಸಿ ಹೋಪಿ ಸಮುದಾಯದ ಸೈನಿಕೆ ಲೋರಿ ಪಿಯೆಸ್ಟೆವಾ ಅವರ ಹೆಸರು ಅದಕ್ಕಿದೆ.

ವಾದ, ಪ್ರತಿವಾದ, ತೀರ್ಮಾನ

ವಿರೋಧ ಬಂತು, ಬರಲೇಬೇಕಿತ್ತು. ಬೆಟ್ಟ ಜನರದ್ದು. ಅದನ್ನು ಉಳಿಸಿಕೊಂಡದ್ದೂ ಜನರೇ. 1960ರ ದಶಕದಲ್ಲಿ ಮನೆಗಳು ಕ್ಯಾಮಲ್‌ಬ್ಯಾಕ್‌ನ ಮೈಮೇಲೆ ಏರುತ್ತಿದ್ದಾಗ ಊರಿನವರು ಹಣ ಸೇರಿಸಿ, ಹೋರಾಡಿ ಮೇಲಿನ ಭಾಗವನ್ನು ಕಾಪಾಡಿದರು. ಅಧ್ಯಕ್ಷ ಚುನಾವಣೆ ಸೋತು ಬಂದಿದ್ದ ಬ್ಯಾರಿ ಗೋಲ್ಡ್‌ವಾಟರ್ 1965ರಲ್ಲಿ ಆ ಕೆಲಸದ ಮುಂದಾಳಾದರು. ಸರ್ಕಾರ ಜನರ ಬದುಕಿನಲ್ಲಿ ಕೈ ಹಾಕಬಾರದು ಅನ್ನುತ್ತಿದ್ದ ರಾಜಕಾರಣಿ ಅವರು. ಅವರೇ ಕಾಪಾಡಿದ ಬೆಟ್ಟಕ್ಕೆ ನಗರಾಡಳಿತ ಗೇಟು ಹಾಕುವ ಕಾಲ ಬಂದದ್ದು ವಿಚಿತ್ರವೇ.

ಬೇಸಿಗೆಯಲ್ಲೂ ಬೆಟ್ಟ ಹತ್ತುವ ಸ್ಥಳೀಯರು ಹೇಳಿದ್ದು ಇದು: ನಮ್ಮ ಮೈ ಒಗ್ಗಿದೆ, ನೀರು ಒಯ್ಯುತ್ತೇವೆ, ಯಾರೋ ಎರಡು ದಿನಕ್ಕೆ ಬಂದವರು ಮಾಡುವ ತಪ್ಪಿಗೆ ನಮಗೇಕೆ ಶಿಕ್ಷೆ? ನ್ಯಾಯವಾದ ಪ್ರಶ್ನೆ. ಇನ್ನೊಂದು ಸಲಹೆ, ಕರೆ ಮಾಡಿದವರಿಂದಲೇ ಖರ್ಚು ವಸೂಲಿ ಮಾಡಿ ಅನ್ನುವುದು. ಅರಿಜೋನಾದಲ್ಲಿ ಅಂಥ ಕಾನೂನಿಗೆ ಮಾದರಿಯೂ ಇದೆ. ನೆರೆ ಬಂದ ರಸ್ತೆಯಲ್ಲಿ ತಡೆಗೋಡೆ ದಾಟಿ ಕಾರು ನುಗ್ಗಿಸಿ ಸಿಕ್ಕಿಬಿದ್ದರೆ ರಕ್ಷಣೆಯ ಖರ್ಚನ್ನು ಚಾಲಕನಿಂದ ಪಡೆಯಬಹುದು. ಜನ ಅದನ್ನು 'ಪೆದ್ದ ಚಾಲಕರ ಕಾನೂನು' ಅಂತಲೇ ಕರೆಯುತ್ತಾರೆ. ಆದರೆ ಬೆಟ್ಟದಲ್ಲಿ ಈ ದಾರಿ ಹಿಡಿದರೆ ಒಂದು ಅಪಾಯ ಇದೆ. ಬಿಲ್ಲಿಗೆ ಹೆದರಿ ಜನ ಫೋನ್ ಮಾಡುವುದನ್ನು ತಡಮಾಡುತ್ತಾರೆ. ಹೀಟ್ ಸ್ಟ್ರೋಕ್‌ನಲ್ಲಿ ಅರ್ಧ ಗಂಟೆಯ ತಡವೂ ದೊಡ್ಡದು. ಕೊನೆಗೆ ಹೊರುವ ಕೆಲಸ ಅಗ್ನಿಶಾಮಕದವರಿಗೆ ತಪ್ಪುವುದಿಲ್ಲ, ಹೊರುವ ಹೊತ್ತಿಗೆ ರೋಗಿ ಇನ್ನೂ ಕೆಟ್ಟಿರುತ್ತಾರೆ.

ಜುಲೈ 2021ರಲ್ಲಿ ನಗರದ ಪಾರ್ಕ್ಸ್ ಅಂಡ್ ರಿಕ್ರಿಯೇಷನ್ ಬೋರ್ಡ್ ನಡುದಾರಿ ಹಿಡಿಯಿತು. ಯೂನಿಯನ್ ಕೇಳಿದ್ದು ಒಂಬತ್ತರಿಂದ ಐದು, ಬೋರ್ಡ್ ಕೊಟ್ಟದ್ದು ಹನ್ನೊಂದರಿಂದ ಐದು. ಅದೂ ಸೆಪ್ಟೆಂಬರ್ ಕೊನೆಯವರೆಗೆ ಪ್ರಯೋಗ ಅಂತ. ಪ್ರಯೋಗ ಮುಗಿದ ಮೇಲೆ ನಿಯಮ ಉಳಿದುಕೊಂಡಿತು. ಮುಂದೆ ಮುಚ್ಚುವ ಹೊತ್ತು ಹಿಂದಕ್ಕೆ ಸರಿದು, 2023ರ ಬೇಸಿಗೆಯಲ್ಲಿ ಒಂಬತ್ತರಿಂದ ಐದು ಆಗಿತ್ತು. ಯೂನಿಯನ್ ಮೊದಲು ಕೇಳಿದ ಅದೇ ಸಮಯ.

ಸ್ಥಳೀಯರ 'ನಮಗೇಕೆ ಶಿಕ್ಷೆ' ಪ್ರಶ್ನೆಗೆ ಈ ನಿಯಮ ಉತ್ತರ ಕೊಡುವುದಿಲ್ಲ. ಗೇಟಿನ ಮುಂದೆ ನಿಂತವರಲ್ಲಿ ಯಾರು ಒಗ್ಗಿದವರು, ಯಾರು ನಿನ್ನೆ ಬಂದಿಳಿದವರು ಅಂತ ರೇಂಜರ್ ಪರೀಕ್ಷೆ ಮಾಡಲಾಗದು. ಮಾಡಲು ಹೊರಟರೆ ದಿನಾ ಜಗಳ. ಆದರೆ ನಿಯಮ ಪೂರ್ತಿ ಸ್ಥಳೀಯರ ವಿರುದ್ಧವೂ ಇಲ್ಲ. ಜೂನ್ ಕೊನೆಯಲ್ಲಿ ಅಲ್ಲಿ ಬೆಳಿಗ್ಗೆ ಐದೂಕಾಲರ ಹೊತ್ತಿಗೆ ಸೂರ್ಯ ಹುಟ್ಟುತ್ತಾನೆ. ಒಗ್ಗಿದವರು ಹೇಗೂ ಹತ್ತುವುದು ಆಗಲೇ. ಮಧ್ಯಾಹ್ನ ಬೇಕೇ ಬೇಕು ಅನ್ನುವವರು ಕಡಿಮೆ, ಅವರ ಒಂದಿಷ್ಟು ಸಂತೋಷ ಹೋಯಿತು ನಿಜ. ಇತ್ತ ಸ್ಟ್ರೆಚರ್ ಹೊರುವವರ ಆರೋಗ್ಯ ಇದೆ. ಎರಡನ್ನೂ ಪಕ್ಕದಲ್ಲಿ ಇಟ್ಟು ನೋಡಿದರೆ ನನಗೆ ಬೋರ್ಡ್‌ನ ತೀರ್ಮಾನ ಸರಿ ಅನ್ನಿಸುತ್ತದೆ.

ಒಂದು ಮಾತು ಗಮನಿಸಿ. ಚರ್ಚೆ ಚಾರಣಿಗರ ಪ್ರಾಣದ ಸುತ್ತ ತಿರುಗುತ್ತಿದ್ದಷ್ಟು ಕಾಲ ಏನೂ ಬದಲಾಗಲಿಲ್ಲ. 'ನನ್ನ ಪ್ರಾಣ, ನನ್ನ ಇಷ್ಟ' ಅನ್ನುವ ವಾದ ಆ ದೇಶದಲ್ಲಿ ಬಹಳ ಗಟ್ಟಿ. ಕಾಪಾಡಲು ಬರುವವರ ಆರೋಗ್ಯ ಮೇಜಿನ ಮೇಲೆ ಬಂದಾಗ ಕೆಲವೇ ವಾರದಲ್ಲಿ ಬಾಗಿಲು ಬಿತ್ತು.

ಗೇಟು ಯಾಕೆ ಕೆಲಸ ಮಾಡಿತು, ಎಲ್ಲಿ ಸೋರುತ್ತದೆ

ಕ್ಯಾಮಲ್‌ಬ್ಯಾಕ್ ಮುಚ್ಚಲು ಅನುಕೂಲವಾದ ಬೆಟ್ಟ. ಒಳಗೆ ಬರಲು ಎರಡೇ ಬಾಗಿಲು. ಎಕೋ ಕ್ಯಾನ್ಯನ್ ಕಡೆ 2013ರಲ್ಲಿ ಇಡೀ ವರ್ಷ ದಾರಿ ಮುಚ್ಚಿ, ಬುಡದ ಭಾಗವನ್ನು ಹೊಸದಾಗಿ ಕಟ್ಟಿ, ಪಾರ್ಕಿಂಗ್ ಹಿಗ್ಗಿಸಿದ್ದರು. ಆ ಪಾರ್ಕಿಂಗ್‌ನ ಬಾಯಿ ಮುಚ್ಚಿದರೆ ಅರ್ಧ ಕೆಲಸ ಆದಂತೆ. ಸುತ್ತಲಿನ ಮನೆಗಳ ರಸ್ತೆಯಲ್ಲಿ ಕಾರು ನಿಲ್ಲಿಸಲು ಬಿಡುವುದಿಲ್ಲ. ಚೋಯಾ ದಾರಿಯಲ್ಲೂ ಹೊಸ ಬಾಗಿಲು ಮಾಡಿ 2022ರಲ್ಲಿ ತೆರೆದರು. ಬಾಗಿಲು ಕಡಿಮೆ ಇದ್ದಷ್ಟೂ ನಿಯಮಕ್ಕೆ ಬಲ. ದಾರಿಬದಿಯ ಬೋರ್ಡಿನ ಬುದ್ಧಿಮಾತನ್ನು ಓದಿ ದಾಟಿ ಹೋಗಬಹುದು, ಎದುರಿಗೆ ನಿಂತ ರೇಂಜರನ್ನು ದಾಟುವುದು ಅಷ್ಟು ಸುಲಭ ಅಲ್ಲ.

ಸೋರುವ ಮೊದಲ ಜಾಗ, ಯಾವ ದಿನ ಮುಚ್ಚಬೇಕು ಅನ್ನುವ ಪ್ರಶ್ನೆ. ಅದನ್ನು ನಗರ ತೀರ್ಮಾನಿಸುವುದಿಲ್ಲ. ಅಮೆರಿಕದ ಹವಾಮಾನ ಇಲಾಖೆಯಾದ ನ್ಯಾಷನಲ್ ವೆದರ್ ಸರ್ವಿಸ್ ಕೊಡುವ ಎಚ್ಚರಿಕೆಗೆ ಗಂಟು ಹಾಕಿದ್ದಾರೆ. ಈ ಎಚ್ಚರಿಕೆಯ ಹೆಸರು 2025ರಿಂದ ಎಕ್ಸ್‌ಟ್ರೀಮ್ ಹೀಟ್ ವಾರ್ನಿಂಗ್ ಅಂತ ಬದಲಾಗಿದೆ. ಗಂಟು ಹಾಕಿದ್ದರಲ್ಲಿ ಜಾಣತನ ಇದೆ. 'ಇವತ್ತು ಯಾಕೆ ಮುಚ್ಚಿದಿರಿ, ನಿನ್ನೆ ಯಾಕೆ ಇಲ್ಲ' ಅನ್ನುವ ವಾದಕ್ಕೆ ಜಾಗವಿಲ್ಲ. ಆ ಎಚ್ಚರಿಕೆ ಒಂದೇ ಅಂಕಿಗೆ ಕಟ್ಟಿದ್ದೂ ಅಲ್ಲ, ವರ್ಷದ ಯಾವ ಹೊತ್ತು, ರಾತ್ರಿ ಎಷ್ಟು ತಂಪಾಗುತ್ತದೆ ಅನ್ನುವುದನ್ನೂ ನೋಡುತ್ತದೆ. ಆದರೆ ಅದು ಇಡೀ ಊರಿಗೆ ಕೊಡುವ ಎಚ್ಚರಿಕೆ. ಮನೆಯಲ್ಲಿ, ಆಫೀಸಿನಲ್ಲಿ, ರಸ್ತೆಯಲ್ಲಿ ಇರುವವರನ್ನು ಮನಸ್ಸಿನಲ್ಲಿಟ್ಟು ಮಾಡಿದ್ದು. ಫೀನಿಕ್ಸ್‌ನಲ್ಲಿ ಜುಲೈ ತಿಂಗಳ ಮಾಮೂಲಿ ದಿನವೇ 41 ಡಿಗ್ರಿ ಸೆಲ್ಸಿಯಸ್ ಆಸುಪಾಸು. ಊರಿಗೆ ಅದು ಎಂದಿನ ಬಿಸಿಲು, ಎಚ್ಚರಿಕೆ ಇಲ್ಲ, ಗೇಟು ತೆರೆದಿದೆ. ಮೇಲೆ ಹಾಕಿದ ಲೆಕ್ಕದ ಪ್ರಕಾರ ಹತ್ತುವ ದೇಹಕ್ಕೆ 41ಕ್ಕೂ 45ಕ್ಕೂ ದೊಡ್ಡ ಅಂತರವಿಲ್ಲ. ಎರಡೂ ಚರ್ಮಕ್ಕಿಂತ ಬಿಸಿ. ಗೇಟು ತೆರೆದಿರುವುದನ್ನೇ ಹೊಸಬರು 'ಇವತ್ತು ಅಪಾಯ ಇಲ್ಲ' ಅಂತ ಓದಿಕೊಂಡರೆ ಅವರನ್ನು ಬೈಯಲಾಗದು.

ಎರಡನೆಯದು ಸಂಜೆ ಐದು ಗಂಟೆ. ಇದು ನನಗೆ ಮೊದಲಿನಿಂದಲೂ ಒಪ್ಪಿಗೆಯಾಗದ ಭಾಗ. ಮರುಭೂಮಿಯಲ್ಲಿ ದಿನದ ಅತಿ ಹೆಚ್ಚು ಬಿಸಿ ನೆತ್ತಿಯ ಮೇಲೆ ಸೂರ್ಯ ಬಂದಾಗ ಅಲ್ಲ, ಮೂರರಿಂದ ಐದರ ನಡುವೆ. ಐದು ಗಂಟೆಗೆ ಗೇಟು ತೆರೆಯುವಾಗ ಗಾಳಿ ಹೆಚ್ಚುಕಡಿಮೆ ಅಷ್ಟೇ ಬಿಸಿ ಇರುತ್ತದೆ. ಪಶ್ಚಿಮದ ಸೂರ್ಯ ನೇರವಾಗಿ ಎಕೋ ಕ್ಯಾನ್ಯನ್ ದಾರಿಯ ಮೇಲೆ ಬೀಳುತ್ತಿರುತ್ತಾನೆ. ದಿನವಿಡೀ ಕಾದ ಕಲ್ಲು ಬೇರೆ. ಹಾಗಾದರೆ ಐದೇ ಯಾಕೆ? ನನ್ನ ಊಹೆ ಇಷ್ಟು: ಬೇಸಿಗೆಯಲ್ಲಿ ಅಲ್ಲಿ ಸೂರ್ಯ ಮುಳುಗುವುದು ಏಳೂವರೆಯ ಆಚೆ. ಏಳಕ್ಕೆ ತೆರೆದರೆ ಹತ್ತಿ ಇಳಿಯಲು ಹೊತ್ತೇ ಇಲ್ಲ, ಅಂದರೆ ಬೆಳಿಗ್ಗೆ ಮುಚ್ಚಿದ್ದು ದಿನಪೂರ್ತಿ ಮುಚ್ಚಿದಂತೆ. ಐದು ಅನ್ನುವುದು ಹವಾಮಾನದ ಗಂಟೆಗಿಂತ ರಾಜಿಯ ಗಂಟೆ. ಆಫೀಸು ಬಿಟ್ಟು ಬರುವವರಿಗೂ ಅದು ಒಪ್ಪುತ್ತದೆ.

2023ರ ಪರೀಕ್ಷೆ

2023ರ ಬೇಸಿಗೆ ಈ ನಿಯಮವನ್ನು ಚೆನ್ನಾಗಿಯೇ ಪರೀಕ್ಷಿಸಿತು. ಜೂನ್ 30ರಿಂದ ಜುಲೈ 30ರವರೆಗೆ ಸತತ 31 ದಿನ ಫೀನಿಕ್ಸ್‌ನಲ್ಲಿ ಉಷ್ಣತೆ 110 ಫ್ಯಾರನ್‌ಹೀಟ್ ಅಥವಾ ಅದಕ್ಕೂ ಮೇಲೆ. ಜುಲೈ 19ರಂದು ರಾತ್ರಿಯ ಕನಿಷ್ಠ ಉಷ್ಣತೆಯೇ 97 ಫ್ಯಾರನ್‌ಹೀಟ್, ಅಂದರೆ 36 ಸೆಲ್ಸಿಯಸ್. ಕನಿಷ್ಠವೇ ಚರ್ಮಕ್ಕಿಂತ ಬಿಸಿ. 'ಬೆಳಿಗ್ಗೆ ಬೇಗ ಹೋಗಿ' ಅನ್ನುವ ಹಳೆಯ ಬುದ್ಧಿಮಾತೂ ಅಂಥ ದಿನ ಅಷ್ಟಾಗಿ ಉಪಯೋಗಕ್ಕೆ ಬರುವುದಿಲ್ಲ. ರಾತ್ರಿ ತಣಿಯದ ಕಲ್ಲಿನ ಮೇಲೆ ಬೆಳಗಿನ ಚಾರಣ ಶುರುವಾಗುತ್ತದೆ.

ಆ ವರ್ಷ ಫೀನಿಕ್ಸ್ ಇರುವ ಮ್ಯಾರಿಕೋಪಾ ಕೌಂಟಿಯಲ್ಲಿ ಬಿಸಿಗೆ ಸಂಬಂಧಿಸಿದ 645 ಸಾವು ದಾಖಲಾದವು. ಇಲ್ಲಿ ಸ್ವಲ್ಪ ಎಚ್ಚರದಿಂದ ಓದಬೇಕು. ಈ ಸಾವುಗಳಲ್ಲಿ ಬೆಟ್ಟ ಹತ್ತಲು ಹೋದವರು ತೀರಾ ಸಣ್ಣ ಪಾಲು. ಅರ್ಧದ ಹತ್ತಿರ ಜನ ಮನೆಯಿಲ್ಲದೆ ಬೀದಿಯಲ್ಲಿದ್ದವರು. ಮನೆಯೊಳಗೆ ಸತ್ತವರೂ ಇದ್ದಾರೆ. ಎಸಿ ಕೆಟ್ಟಿತ್ತು, ಅಥವಾ ಇರಲಿಲ್ಲ. ಬೆಟ್ಟದ ಗೇಟು ಟೀವಿಯಲ್ಲಿ ಚೆನ್ನಾಗಿ ಕಾಣುತ್ತದೆ. ಕೆಟ್ಟ ಎಸಿಯ ಮುಂದೆ ಕ್ಯಾಮೆರಾ ಹೋಗುವುದಿಲ್ಲ. 2021ರಲ್ಲೇ ನಗರ ಬಿಸಿಲಿನ ಕೆಲಸಕ್ಕೆಂದೇ ಒಂದು ಪ್ರತ್ಯೇಕ ಕಚೇರಿ ತೆರೆದಿತ್ತು. ನೆರಳು, ಕುಡಿಯುವ ನೀರು, ತಂಪು ಕೇಂದ್ರಗಳ ಕೆಲಸ ಅದರದ್ದು. ಊರಿನ ಸಾವು ಇಳಿಸುವ ಲೆಕ್ಕದಲ್ಲಿ ಆ ಕಚೇರಿಯ ಕೆಲಸವೇ ದೊಡ್ಡದು, ಬೆಟ್ಟದ ಗೇಟಿನದ್ದು ಚಿಕ್ಕದು. ಗೇಟು ಹಾಕಿದ್ದು ಊರನ್ನೆಲ್ಲ ಕಾಪಾಡಲು ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಅದು ಒಂದು ಸಣ್ಣ ಗುಂಪಿನ ಕೆಲಸಗಾರರಿಗೆ ಆಗುತ್ತಿದ್ದ ಹಾನಿಯನ್ನು ತಗ್ಗಿಸಲು ಹಾಕಿದ್ದು. ಆ ಅಳತೆಯಲ್ಲೇ ಅದನ್ನು ತೂಗಬೇಕು.

ಗೇಟಿಲ್ಲದ ಬೆಟ್ಟ

2024ರಲ್ಲಿ ಸತತ 113 ದಿನ 100 ಫ್ಯಾರನ್‌ಹೀಟ್ ಮುಟ್ಟಿತು. ಅದೇ ವರ್ಷ ನಿಯಮ ಊರಿನ ದಕ್ಷಿಣದ ಸೌತ್ ಮೌಂಟನ್ ಪಾರ್ಕಿನ ಕೆಲವು ದಾರಿಗಳಿಗೂ ಬಂತು. ಒಂದು ಬೆಟ್ಟ ಮುಚ್ಚಿದರೆ ಜನ ಇನ್ನೊಂದಕ್ಕೆ ಹೋಗುತ್ತಾರೆ, ಹಾಗಾಗಿ ಇದು ಎಂದಾದರೂ ಬರಬೇಕಾದದ್ದೇ.

ಆದರೆ ಸೌತ್ ಮೌಂಟನ್ ಕ್ಯಾಮಲ್‌ಬ್ಯಾಕ್ ಅಲ್ಲ. 16,000 ಎಕರೆಗೂ ಮಿಕ್ಕಿದ ಜಾಗ. ಬೆಟ್ಟದ ಸಾಲಿನ ಎರಡೂ ಕಡೆ ಬಡಾವಣೆಗಳು. ಹತ್ತುವ ದಾರಿಗಳು ಹಲವು. ಹತ್ತಿರದ ರಸ್ತೆಯಲ್ಲಿ ಕಾರು ನಿಲ್ಲಿಸಿ ನಡೆದು ಒಳಗೆ ಸೇರಬಹುದು. ಅಷ್ಟೂ ಕಡೆ ನಿಲ್ಲಿಸಲು ರೇಂಜರ್‌ಗಳು ಎಲ್ಲಿಂದ ಬರಬೇಕು? ಅಲ್ಲಿ ಹೆಚ್ಚು ಕರೆ ಬರುವ ಕೆಲವು ದಾರಿಗಳನ್ನು ಆರಿಸಿ ಮುಚ್ಚುತ್ತಾರೆ, ಉಳಿದವು ತೆರೆದೇ ಇರುತ್ತವೆ. ಮುಚ್ಚಿದ ದಾರಿಯ ಬಾಯಲ್ಲೂ ಎಷ್ಟೋ ಹೊತ್ತು ಇರುವುದು ಬೋರ್ಡ್ ಮಾತ್ರ. ಅಂದರೆ 2021ಕ್ಕೆ ಮೊದಲು ಕ್ಯಾಮಲ್‌ಬ್ಯಾಕ್‌ನಲ್ಲಿ ಇದ್ದ ಸ್ಥಿತಿಯೇ ಅಲ್ಲಿ ಬಹುಪಾಲು ಮುಂದುವರಿದಿದೆ. ವ್ಯತ್ಯಾಸ ಒಂದೇ, ಬೋರ್ಡಿನ ಮೇಲೆ ಸಲಹೆಯ ಬದಲು ನಿಯಮ ಬರೆದಿದೆ. ಫೋನ್ ಬಂದರೆ ಬಿಗ್ ವೀಲ್ ಹಿಡಿದು ಅಲ್ಲಿಗೂ ಹೋಗುವವರು ಅದೇ ಸಿಬ್ಬಂದಿ. ದಾರಿ ಮಾತ್ರ ಇನ್ನಷ್ಟು ಉದ್ದ.